ಒಂದೇ ನಾಣ್ಯ, ಹಲವು ನಾಡು

ನೆರೆಹೊರೆಯ ನಾಡುಗಳೆಲ್ಲ ಒಂದೇ ಹಣವನ್ನು ಬಳಸುವಂತಾದರೆ ಎಷ್ಟು ಅನುಕೂಲವೆಂಬ ಮಾತನ್ನು ತಾವು ಆಗಾಗ ಕೇಳಿರಬಹುದು. ಗಡಿ ದಾಟಿದ ವ್ಯಾಪಾರಿಯು ನಾಣ್ಯ ಬದಲಾಯಿಸಲು ವಟ್ಟ ತೆರಬೇಕಾಗಿಲ್ಲ. ಇಂದು ಕೊಂಡ ಸರಕಿಗೆ ಮೂರು ತಿಂಗಳ ಮೇಲೆ ಎಷ್ಟು ತೆರಬೇಕಾದೀತೋ ಎಂದು ಚಿಂತಿಸಬೇಕಾಗಿಲ್ಲ. ಇವು ನಿಜವಾದ ಲಾಭಗಳೇ. ಆದರೆ ಇಂಥ ಏರ್ಪಾಡು ನಿಲ್ಲುವುದು ಯಾವುದರಿಂದ, ಮುರಿಯುವುದು ಯಾವುದರಿಂದ? ಇದನ್ನು ಅರಿಯಲು ಅರಬ್ಬೀ ಸಮುದ್ರದ ಆಚೆಯ ಕೊಲ್ಲಿ ನಾಡುಗಳ ಕಥೆಯನ್ನು ನೋಡೋಣ. ಅಲ್ಲಿ ಒಂದು ಕಾಲದಲ್ಲಿ ಸಮಾನ ನಾಣ್ಯವೊಂದು ಚಲಾವಣೆಯಲ್ಲಿತ್ತು. ಅದು ನಮ್ಮ ರೂಪಾಯಿಯೇ!

ಕುವೈತ್, ಬಹರೇನ್, ಕತಾರ್, ದುಬೈ, ಅಬುಧಾಬಿ, ಮಸ್ಕತ್ತುಗಳ ಪೇಟೆಗಳಲ್ಲಿ ಬ್ರಿಟಿಷರ ಕಾಲದಿಂದಲೂ ರೂಪಾಯಿಯೇ ನಡೆಯುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೂ ಈ ಪದ್ಧತಿ ಮುಂದುವರಿಯಿತು. ಆದರೆ ಅಲ್ಲಿಂದ ನಮ್ಮ ದೇಶಕ್ಕೆ ಚಿನ್ನವು ಕಳ್ಳದಾರಿಯಲ್ಲಿ ಬರುತ್ತಿತ್ತು. ಅದರ ಬೆಲೆಯಾಗಿ ರೂಪಾಯಿ ನೋಟುಗಳು ಅಲ್ಲಿಗೆ ಹೋಗುತ್ತಿದ್ದುವು. ಆ ನೋಟುಗಳು ತಿರುಗಿ ಬಂದಾಗ ರಿಜರ್ವ್ ಬ್ಯಾಂಕು ಅವಕ್ಕೆ ಪ್ರತಿಯಾಗಿ ವಿದೇಶೀ ವಿನಿಮಯವನ್ನು ತೆರಬೇಕಾಗುತ್ತಿತ್ತು. ಈ ಸೋರಿಕೆಯನ್ನು ತಡೆಯುವುದಕ್ಕಾಗಿ 1959ರಲ್ಲಿ ಕೊಲ್ಲಿ ನಾಡುಗಳಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಲಾಯಿತು. ಭಾರತದೊಳಗೆ ಅವು ಚಲಾವಣೆಗೆ ಬಾರವು; ಬೆಲೆ ಮಾತ್ರ ನಮ್ಮ ರೂಪಾಯಿಯ ಬೆಲೆಯೇ.

1961ರಲ್ಲಿ ಕುವೈತ್, 1965ರಲ್ಲಿ ಬಹರೇನ್ ತಮ್ಮ ತಮ್ಮ ದಿನಾರುಗಳನ್ನು ಹೊರಡಿಸಿ ಬೇರೆಯಾದುವು. ಉಳಿದ ನಾಡುಗಳು ರೂಪಾಯಿಯನ್ನೇ ನಂಬಿದ್ದುವು. ಅಷ್ಟರಲ್ಲಿ 1966ರ ಜೂನ್ 6 ಬಂದಿತು. ಅಂದು ಭಾರತ ಸರ್ಕಾರವು ರೂಪಾಯಿಯ ಅಪಮೌಲ್ಯ ಮಾಡಿತು. 4 ರೂಪಾಯಿ 76 ಪೈಸೆಗೆ ದೊರೆಯುತ್ತಿದ್ದ ಡಾಲರಿಗೆ ಏಳೂವರೆ ರೂಪಾಯಿ ತೆರಬೇಕಾಯಿತು. ಅಂದರೆ ನೂರು ರೂಪಾಯಿಗೆ ಸಿಕ್ಕುತ್ತಿದ್ದ 21 ಡಾಲರು ಒಂದೇ ದಿನದಲ್ಲಿ ಹದಿಮೂರಕ್ಕೆ ಇಳಿಯಿತು. ನಮ್ಮ ದೇಶದ ಕಷ್ಟಕ್ಕೆ ನಾವು ಮಾಡಿಕೊಂಡ ಚಿಕಿತ್ಸೆ ಅದು. ಆದರೆ ದುಬೈಯ ವರ್ತಕನಿಗೆ ಆ ರೋಗವೂ ಇರಲಿಲ್ಲ, ಆ ಔಷಧದ ವಿಷಯದಲ್ಲಿ ಮಾತನಾಡುವ ಹಕ್ಕೂ ಇರಲಿಲ್ಲ. ಕತಾರ್ ಮತ್ತು ದುಬೈಗಳು ಅದೇ ವರ್ಷ ತಮ್ಮದೇ ರಿಯಾಲನ್ನು ತಂದುವು. ಅಬುಧಾಬಿಯು ಬಹರೇನಿನ ದಿನಾರನ್ನು ಹಿಡಿಯಿತು. ಒಮಾನ್ ಒಂದೇ 1970ರವರೆಗೆ ಕಾದಿತು.

ಒಟ್ಟುಕುಟುಂಬವನ್ನು ಬಲ್ಲವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ಬೆಳೆ ಬಂದ ವರ್ಷ ತಿಜೋರಿಯ ಬೀಗದ ಕೈ ಯಾರ ಸೊಂಟದಲ್ಲಿದೆಯೆಂದು ಯಾರೂ ಕೇಳುವುದಿಲ್ಲ. ಮಳೆ ಹೋದ ವರ್ಷ, ಒಬ್ಬ ತಮ್ಮನ ಸಾಲಕ್ಕೆ ಉಳಿದವರು ಕೈಹಾಕಬೇಕಾದಾಗ, ಮನೆಯಲ್ಲಿ ಮೊದಲು ಏಳುವ ಪ್ರಶ್ನೆಯೇ ಅದು.

ಯೂರೋಪಿನಲ್ಲಿಯೂ ಹೀಗೆಯೇ ಆಯಿತು. 1999ರಲ್ಲಿ ಯೂರೋ ಹುಟ್ಟಿತು. 2002ರಲ್ಲಿ ಅದರ ನೋಟುಗಳು ಜನರ ಕೈಗೆ ಬಂದುವು. ಗ್ರೀಸ್ ದೇಶವು 2010ರಲ್ಲಿ ಸಾಲದ ಸುಳಿಗೆ ಸಿಕ್ಕಾಗ, ನಾಣ್ಯದ ಬೆಲೆ ಇಳಿಸಿ ಚೇತರಿಸಿಕೊಳ್ಳುವ ಹಳೆಯ ಉಪಾಯ ಅದಕ್ಕೆ ಉಳಿದಿರಲಿಲ್ಲ. ನೆರೆಯವರು ಸಾಲವನ್ನೇನೋ ಕೊಟ್ಟರು. ಅದರೊಡನೆ ಕಠಿಣವಾದ ಷರತ್ತುಗಳೂ ಬಂದುವು. ಪಿಂಚಣಿಗೂ ಸಂಬಳಕ್ಕೂ ಕತ್ತರಿ ಬಿದ್ದಿತು. ಯೂರೋ ಉಳಿಯಿತು, ಗ್ರೀಸ್ ಅದರೊಳಗೇ ಉಳಿಯಿತು. ಆದರೆ ಅದಕ್ಕೆ ತೆತ್ತ ಬೆಲೆಯನ್ನು ಅಲ್ಲಿಯ ಮನೆಮನೆಯೂ ಬಲ್ಲದು.

ಮತ್ತೆ ಕೊಲ್ಲಿಗೆ ಬರೋಣ. ಸೌದಿ ಅರೇಬಿಯ, ಕುವೈತ್, ಬಹರೇನ್, ಕತಾರ್, ಒಮಾನ್ ಮತ್ತು ಸಂಯುಕ್ತ ಅರಬ್ ಎಮಿರೇಟುಗಳು 1981ರಲ್ಲಿ ಸಹಕಾರ ಮಂಡಲಿಯೊಂದನ್ನು ಕಟ್ಟಿಕೊಂಡುವು. 2010ರ ವೇಳೆಗೆ ತಮ್ಮದೇ ಆದ ಒಂದೇ ನಾಣ್ಯವನ್ನು ತರಬೇಕೆಂದು 2001ರಲ್ಲಿ ನಿಶ್ಚಯಿಸಿದುವು. ಭಾಷೆ ಒಂದೇ, ಮುಖ್ಯ ಸಂಪತ್ತಾದ ಎಣ್ಣೆಯೂ ಒಂದೇ. ಇವಕ್ಕಿಂತ ಅನುಕೂಲ ಯಾರಿಗುಂಟು ಎಂದು ತಾವು ಕೇಳಬಹುದು. ಆದರೂ ಒಮಾನ್ ಮೊದಲೇ ಹಿಂದೆಗೆಯಿತು. 2009ರಲ್ಲಿ ಸಮಾನ ಬ್ಯಾಂಕಿನ ಕೇಂದ್ರವು ಸೌದಿಯ ರಾಜಧಾನಿ ರಿಯಾದ್ ಎಂದು ಗೊತ್ತಾದೊಡನೆ ಎಮಿರೇಟುಗಳೂ ಹೊರಬಂದುವು. ಬೀಗದ ಕೈಯ ಪ್ರಶ್ನೆ ಇಲ್ಲಿಯೂ ಎದ್ದಿತು ನೋಡಿ! ಮುಂದೆ 2017ರಲ್ಲಿ ಸೌದಿ, ಎಮಿರೇಟುಗಳು, ಬಹರೇನ್ ಮೂರೂ ಕತಾರಿನೊಡನೆ ಸಂಬಂಧವನ್ನೇ ಕಡಿದುಕೊಂಡುವು. ಅದು ಮತ್ತೆ ಕೂಡಿದ್ದು 2021ರಲ್ಲಿ. ಮೂರೂವರೆ ವರ್ಷ ಬಾಗಿಲು ಮುಚ್ಚಿಕೊಂಡ ಮನೆಗಳಿಗೆ ತಿಜೋರಿ ಒಂದೇ ಆಗಿದ್ದಿದ್ದರೆ ಗತಿ ಏನಾಗುತ್ತಿತ್ತು?

ಹಾಗೆಂದು ನಿರಾಶರಾಗಬೇಕಾಗಿಲ್ಲ. 2018ರಲ್ಲಿ ಬಹರೇನಿನ ಬೊಕ್ಕಸ ಸೊರಗಿದಾಗ ಸೌದಿ, ಕುವೈತ್, ಎಮಿರೇಟುಗಳು ಕೂಡಿ ಸಾವಿರ ಕೋಟಿ ಡಾಲರುಗಳ ನೆರವಿಗೆ ಒಪ್ಪಿದುವು. ನೆರೆಯವನ ಕಷ್ಟಕಾಲದಲ್ಲಿ ಕೈಕೊಡುವ ಈ ಅಭ್ಯಾಸ, ಯಾರು ಎಷ್ಟು ಕೊಡಬೇಕು, ಯಾರ ಮಾತು ನಡೆಯಬೇಕು ಎಂಬ ನಿಯಮವಾಗಿ ಗಟ್ಟಿಯಾದರೆ, ಸಮಾನ ನಾಣ್ಯಕ್ಕೆ ತಳಹದಿ ಬಿದ್ದಂತೆಯೇ.

ನಮ್ಮ ಕರಾವಳಿಯ ಮಂಗಳೂರು, ಉಡುಪಿ, ಭಟ್ಕಳಗಳಲ್ಲಿ ಕೊಲ್ಲಿಯಿಂದ ಬರುವ ಹಣದಿಂದ ನಡೆಯುವ ಸಂಸಾರಗಳು ಬಹಳ. ದಿರಹಮಿಗೆ ಇಂದು ಎಷ್ಟು ರೂಪಾಯಿಯೆಂದು ಅವರು ದಿನವೂ ವಿಚಾರಿಸುತ್ತಾರೆ. ನಾಣ್ಯದ ಬೆಲೆಯೆಂಬುದು ದೂರದ ರಾಜಧಾನಿಯ ಲೆಕ್ಕ ಮಾತ್ರವಲ್ಲ, ಅಡಿಗೆಮನೆಯ ಲೆಕ್ಕವೂ ಹೌದೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನು ಮುಂದೆ ಯಾವ ನಾಡುಗಳಾದರೂ ಒಂದೇ ನಾಣ್ಯ ತರುತ್ತೇವೆಂದು ಸಾರಿದಾಗ, ನೋಟಿನ ಮೇಲೆ ಯಾರ ಚಿತ್ರವಿದೆಯೆಂದು ನೋಡುವ ಮೊದಲು, ಬರಗಾಲ ಬಂದರೆ ಯಾರು ಯಾರಿಗೆ ಕೊಡುವರೆಂಬ ಕರಾರನ್ನು ಮಾಡಿಕೊಂಡಿದ್ದಾರೆಯೇ ಎಂದು ಕೇಳಿ. ಆ ನಾಣ್ಯ ಎಷ್ಟು ಕಾಲ ಬಾಳೀತೆಂಬುದನ್ನು ತಾವೇ ಊಹಿಸಬಹುದು.