ಟಿಕೆಟ್ ಇಲ್ಲದೆ ಗಾಡಿ ಹತ್ತಿದ ಮೇಲೆ

(ಐನಾಪುರದಲ್ಲಿ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ರೈಲೇ ಇಲ್ಲದ ಊರಿಗೆ ಬಂದು ರೈಲು ಟಿಕೆಟ್ಟಿನ ಮಾತಾಡುತ್ತಾನಲ್ಲ ಎಂದು ನಿಮಗೆ ನಗು ಬಂದಿರಬಹುದು. ಚಿಂಚೋಳಿ ತಾಲ್ಲೂಕಿನಲ್ಲಿ ಹಳಿ ಇಲ್ಲ, ನಿಜ. ಆದರೆ ದುಡಿಯಲು ಹೈದರಾಬಾದಿಗೋ ಮುಂಬಯಿಗೋ ಹೊರಟವರು ತಾಂಡೂರಿನಲ್ಲೋ ಸೇಡಂನಲ್ಲೋ ವಾಡಿಯಲ್ಲೋ ಗಾಡಿ ಹತ್ತಲೇಬೇಕು. ಬಸ್ಸು ತಡವಾಗಿ ಟೇಶನ್ ಮುಟ್ಟುತ್ತದೆ, ಟಿಕೆಟ್ ಕಿಟಕಿಯ ಮುಂದೆ ಹನುಮಂತನ ಬಾಲದಂಥ ಸಾಲು, ಅಷ್ಟರಲ್ಲಿ ಗಾಡಿ ಸೀಟಿ ಹೊಡೆಯುತ್ತದೆ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಹಳಿ 1874ರದ್ದು. ನಿಜಾಮರ ಕಾಲದ ಆ ರೈಲು ಕಂಪನಿಯ ಹೆಸರಿನಲ್ಲೇ 'ಗ್ಯಾರಂಟೀಡ್' ಎಂಬ ಪದವಿತ್ತು. ಬಂಡವಾಳ ಹಾಕಿದವರ ಲಾಭಕ್ಕೆ ಸರ್ಕಾರವೇ ಖಾತರಿ ನಿಂತಿತ್ತು. ಗಳಿಕೆ ಕಡಿಮೆಯಾದರೆ ತುಂಬಿಕೊಡಬೇಕಾದದ್ದು ಖಜಾನೆ, ಎಂದರೆ ಕಂದಾಯ ಕಟ್ಟುವ ರೈತ. 1930ರಲ್ಲಿ ನಿಜಾಮ ಸರ್ಕಾರ ಅದನ್ನು ಕೊಂಡಿತು. ಸ್ವಾತಂತ್ರ್ಯಾನಂತರ ಅದು ಭಾರತೀಯ ರೈಲ್ವೆಯಲ್ಲಿ ಸೇರಿತು. 'ಸರ್ಕಾರದ ಗಾಡಿ, ಯಾರಪ್ಪನ ಗಂಟು?' ಎನ್ನುವವರಿಗೆ ಈ ಕಥೆ ಹೇಳಬೇಕು.

ಈಗ ಕಾನೂನು ನೋಡೋಣ. 1989ರ ರೈಲ್ವೆ ಕಾಯ್ದೆಯ 55ನೇ ಕಲಮಿನ ಪ್ರಕಾರ ಟಿಕೆಟ್ ಅಥವಾ ಪಾಸ್ ಇಲ್ಲದೆ ಡಬ್ಬಿಗೆ ಕಾಲಿಡುವಂತಿಲ್ಲ. ಆದರೆ ಅದೇ ಕಲಮಿನಲ್ಲಿ ಒಂದು ಕಿಂಡಿಯೂ ಇದೆ: ಅಧಿಕಾರವುಳ್ಳ ರೈಲ್ವೆ ನೌಕರರ ಅನುಮತಿ ಕೇಳಿ, 'ಮುಂದೆ ದರ ಕಟ್ಟುತ್ತೇನೆ' ಎಂಬ ಷರತ್ತಿನ ಮೇಲೆ ಚೀಟಿ ಪಡೆದು ಹತ್ತಬಹುದು. ಆ ಚೀಟಿ ಇದ್ದವರಿಗೆ ಹೆಚ್ಚುವರಿ ಹಣದ ಹೊರೆ ಇಲ್ಲ, ದರ ಮಾತ್ರ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಚೀಟಿ ಇಲ್ಲದೆ ಸಿಕ್ಕಿಬಿದ್ದರೆ 138ನೇ ಕಲಮು. ಪ್ರಯಾಣದ ದರ, ಅದರ ಮೇಲೆ ಅಷ್ಟೇ ಹಣ ಅಥವಾ 250 ರೂಪಾಯಿ, ಯಾವುದು ಹೆಚ್ಚೋ ಅದು. 2004ಕ್ಕೆ ಮುಂಚೆ ಈ ಕನಿಷ್ಠ ಮೊತ್ತ 50 ರೂಪಾಯಿ ಇತ್ತು. ಎಲ್ಲಿ ಹತ್ತಿದಿರಿ ಎಂಬುದೇ ಅನುಮಾನವಾದರೆ ಗಾಡಿ ಹೊರಟ ಊರಿನಿಂದ, ನಡುವೆ ತಪಾಸಣೆ ಆಗಿದ್ದರೆ ಕೊನೆಯ ತಪಾಸಣೆಯ ಜಾಗದಿಂದ ಲೆಕ್ಕ. ಮುಂಬಯಿಯಿಂದ ಬಂದ ಗಾಡಿಯನ್ನು ವಾಡಿಯಲ್ಲಿ ಹತ್ತಿದಾತ ಮುಂಬಯಿಯಿಂದಲೇ ದರ ತೆರಬೇಕಾದೀತು! ಮೋಸದ ಉದ್ದೇಶ ಸಾಬೀತಾದರೆ 137ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ತಡವಾಗಿ ಓಡಿಬಂದವನೂ ಮೋಸಗಾರನೂ ಒಂದೇ ಅಲ್ಲ ಎಂಬುದನ್ನು ಕಾನೂನು ಒಪ್ಪುತ್ತದೆ. ಆದರೆ ಎರಡರ ನಡುವಿನ ಅಂತರ ತೀರಾ ಸಣ್ಣದು. ಡಿಪ್ಲೊಮಾ ಓದುವಾಗ ನಾನೂ ಗೆಳೆಯನೂ ಹೀಗೇ ಓಡಿ ಹತ್ತಿದ್ದೆವು. ಜೇಬಿನಲ್ಲಿ ದುಡ್ಡಿತ್ತು. ಟಿ.ಸಿ. ದೂರದಲ್ಲಿ ಕಂಡದ್ದೇ ತಡ, ಇಬ್ಬರೂ ಶೌಚಾಲಯದ ಬಾಗಿಲ ಮರೆಗೆ ಸರಿದೆವು. ಅದೇ ಡಬ್ಬಿಯಲ್ಲಿ ಕರಣೆ, ಗುಂಡು ತುಂಬಿದ ಚೀಲ ಹಿಡಿದ ಗೌಂಡಿ ಒಬ್ಬರು, ನಮ್ಮ ಹಾಗೇ ಓಡಿ ಬಂದವರು, "ಟಿ.ಸಿ. ಸಾಹೇಬ್ರು ಎಲ್ಲಿ ಅದಾರ‍್ರೀ?" ಎಂದು ಕೇಳುತ್ತಾ ಎದುರು ಹೊರಟರು. ರಸೀದಿ ತಂದು ಮಡಚಿ ಅಂಗಿ ಜೇಬಿಗಿಟ್ಟರು. ಅವತ್ತು ಅವರ ಒಂದು ದಿನದ ಕೂಲಿಯಲ್ಲಿ ಎಷ್ಟು ಹೋಯಿತೋ! ನಾವು ಮುಂದಿನ ಟೇಶನ್ನಿನಲ್ಲಿ ಸದ್ದಿಲ್ಲದೆ ಇಳಿದೆವು. ಹತ್ತುವಾಗ ಅವಸರ, ಅವಿತಾಗ ಕಳವು.

ಕಿಟಕಿಯ ಸಾಲು ಕರಗಿಸುವುದು ರೈಲ್ವೆಯವರ ಹೊಣೆ. ಅದನ್ನು ಕೇಳುವುದು ನಮ್ಮ ಹಕ್ಕು, ಪತ್ರಕರ್ತನಾಗಿ ನಾನೂ ಕೇಳುತ್ತೇನೆ. ಆದರೆ ಸಾಲು ಉದ್ದವಿತ್ತು ಎಂಬುದರಿಂದ ದರದ ಬಾಕಿ ತೀರುವುದಿಲ್ಲ. ಈಗ ಮೊಬೈಲಿನಲ್ಲೂ ಟಿಕೆಟ್ ಸಿಗುತ್ತದೆ.

ಹೆಣ್ಣುಮಕ್ಕಳು ಒಂದು ಮಾತು ನೆನಪಿಟ್ಟುಕೊಳ್ಳಿ. ಹಣ ಕಟ್ಟದವರನ್ನು ಗಾಡಿಯಿಂದ ಇಳಿಸಲು 139ನೇ ಕಲಮು ಅಧಿಕಾರ ಕೊಡುತ್ತದೆ. ಆದರೆ ಗಂಡಸರ ಜೊತೆಯಿಲ್ಲದ ಹೆಂಗಸರನ್ನೂ ಮಕ್ಕಳನ್ನೂ ಅವರು ಹತ್ತಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇಳಿಸಬೇಕು, ಅದೂ ಹಗಲಿನಲ್ಲಿ. ತಾಂಡೂರಿನಲ್ಲಿ ಹತ್ತಿದ ಒಂಟಿ ಹುಡುಗಿಯನ್ನು ರಾತ್ರಿ ಚಿತ್ತಾಪುರದಲ್ಲಿ ಇಳಿಸುವಂತಿಲ್ಲ. ದರದ ಬಾಕಿ ಆಗಲೂ ಉಳಿಯುತ್ತದೆ, ಅದು ಬೇರೆ ಮಾತು.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ಎದ್ದು ನಿಂತು ಹೇಳಿ, ಸಂಕೋಚ ಬೇಡ. ನಾನಂತೂ ಹೇಳಿಬಿಟ್ಟೆ.