ಅಂಬಾಸಿಡರ್ ಕಾರಿನ ನೀರಿನ ಪಂಪಿಗೆ ಕರೆಂಟು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಹೇಳಿ ಕರೆಸಿದ್ದಾರೆ. ನಾನು ಪಂಪಿನ ಬಗ್ಗೆ ಮಾತಾಡುತ್ತೇನೆ. ಕಂಪ್ಯೂಟರ್ ಕೊನೆಗೆ ಬಂದೇ ಬರುತ್ತದೆ.

ವರದಾ ನದಿಯ ದಂಡೆಯಲ್ಲಿ ಹೊಲ ಇದ್ದವರಿಗೆ ಹಳೆಯ ಡೀಸೆಲ್ ಇಂಜಿನ್ ನೆನಪಿರಬೇಕು. ಹ್ಯಾಂಡಲ್ ತಿರುವಿ ಚಾಲೂ ಮಾಡುವುದು, ಅಲ್ಲಿಂದ ಪಟ್ಟೆ ಹೋಗಿ ಪಂಪನ್ನು ತಿರುಗಿಸುವುದು. ನಮ್ಮ ಕಡೆ ಅದಕ್ಕೆ ಕಂಪನಿ ಯಾವುದೇ ಇರಲಿ, ಕಿರ್ಲೋಸ್ಕರ್ ಎಂದೇ ಹೆಸರು. ಆ ಹೆಸರಿನ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. ಆಮೇಲೆ ಹೊಲಕ್ಕೆ ಕರೆಂಟು ಬಂತು. ಇಂಜಿನ್ ಮೂಲೆಗೆ ಸೇರಿತು, ಪಟ್ಟೆ ಹೋಯಿತು, ಮೋಟರ್ ಬಂತು. ಇದೇ ಬದಲಾವಣೆ ಈಗ ಕಾರಿನ ಬಾನೆಟ್ಟಿನ ಒಳಗೆ ನಡೆಯುತ್ತಿದೆ.

ಕಾರಿನ ಇಂಜಿನ್ನಿನಲ್ಲಿ ಸುಡುವ ಪೆಟ್ರೋಲಿನ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ಗಾಲಿಗೆ ಹೋಗುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊರಗೆ. ಉಳಿದದ್ದನ್ನು ನೀರು ಹೊತ್ತುಕೊಂಡು ರೇಡಿಯೇಟರಿಗೆ ತರಬೇಕು. ಆ ನೀರನ್ನು ಸುತ್ತಿಸಲು ಒಂದು ಚಿಕ್ಕ ಪಂಪ್ ಇದೆ, ನಮ್ಮ ಹೊಲದ ಸೆಂಟ್ರಿಫ್ಯೂಗಲ್ ಪಂಪಿನ ತಮ್ಮ. ಅಂಬಾಸಿಡರಿನಲ್ಲಿ ಇಂಜಿನ್ನಿನ ಮುಂದಿನ ಪುಲ್ಲಿಯಿಂದ ಒಂದೇ ಬೆಲ್ಟ್ ಹೊರಟು ಈ ಪಂಪನ್ನೂ, ಕರೆಂಟು ಮಾಡುವ ಡೈನಮೋ ಅಥವಾ ಆಲ್ಟರ್ನೇಟರನ್ನೂ ತಿರುಗಿಸುತ್ತದೆ. ರೇಡಿಯೇಟರಿನ ಫ್ಯಾನು ಕೂತಿರುವುದೂ ಪಂಪಿನ ಪುಲ್ಲಿಯ ಮೇಲೆಯೇ.

ತೊಂದರೆ ಇರುವುದು ಇಲ್ಲಿ. ಪಂಪ್ ಇಂಜಿನ್ನಿಗೆ ಕಟ್ಟಿಹಾಕಿದ ಎತ್ತು. ಶಿಗ್ಗಾವಿ ದಾಟಿ ಹೆದ್ದಾರಿಯಲ್ಲಿ ಓಡುವಾಗ ಗಾಳಿ ತಾನಾಗಿ ರೇಡಿಯೇಟರಿಗೆ ಹೊಡೆಯುತ್ತದೆ, ಆಗ ಪಂಪೂ ಬೇಕಾದ್ದಕ್ಕಿಂತ ಜೋರಾಗಿ ತಿರುಗುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ನಿಂತಾಗ ಗಾಳಿಯೂ ಇಲ್ಲ, ಇಂಜಿನ್ ನಿಧಾನ, ಪಂಪೂ ನಿಧಾನ. ಬೇಕಾದಾಗ ಕಡಿಮೆ, ಬೇಡವಾದಾಗ ಹೆಚ್ಚು. ಅಷ್ಟೇ ಅಲ್ಲ. ಇಂಥ ಪಂಪಿನ ವೇಗ ಐದು ಪಟ್ಟಾದರೆ ನೀರೂ ಐದು ಪಟ್ಟಾಗುತ್ತದೆ, ಆದರೆ ಅದು ತಿನ್ನುವ ಶಕ್ತಿ 125 ಪಟ್ಟಾಗುತ್ತದೆ. ವೇಗದ ಘನದ ಲೆಕ್ಕ ಅದು.

ನಮ್ಮ ಓಣಿಯ ಕಾಕಾ ಒಬ್ಬರು ಮದುವೆಗೆ ಬಾಡಿಗೆ ಹೊಡೆಯುವ ಅಂಬಾಸಿಡರ್ ಇಟ್ಟಿದ್ದಾರೆ. ಮೆರವಣಿಗೆಯಲ್ಲಿ ಬ್ಯಾಂಡಿನ ಹಿಂದೆ ಗಂಟೆಗಟ್ಟಲೆ ಹೆಜ್ಜೆಹೆಜ್ಜೆಗೆ ನಡೆಯುವ ಗಾಡಿ ಅದು. ಸವಣೂರಿನ ಏಪ್ರಿಲ್ ಬಿಸಿಲಿನಲ್ಲಿ ಒಮ್ಮೆ ಕುದ್ದು ಹೆಡ್ ಗ್ಯಾಸ್ಕೆಟ್ ಹೋಯಿತು. ಆ ಹಂಗಾಮಿನ ದುಡಿಮೆ ಗ್ಯಾಸ್ಕೆಟ್ಟಿಗೇ ಹೋಯಿತು. "ತಮ್ಮಾ, ನೀ ಇಂಜಿನಿಯರ್ ಅದಿ. ಪಂಪ್ ಕರೆಂಟ್‌ನ್ಯಾಗ ತಿರಗೂ ಹಂಗ ಮಾಡಾಕ ಬರ್ತೈತೇನು?" ಎಂದು ಕೇಳಿದರು.

ಬರುತ್ತದೆ. ಹೊಸದೇನೂ ಅಲ್ಲ. 2009ರ ಟೊಯೊಟಾ ಪ್ರಿಯಸ್ ಇಂಜಿನ್ನಿನಲ್ಲಿ ಬೆಲ್ಟೇ ಇಲ್ಲ, ನೀರಿನ ಪಂಪ್ ಕರೆಂಟಿನದು. ಅದಕ್ಕೂ ಮೊದಲೇ ಬಿಎಂಡಬ್ಲ್ಯು ತನ್ನ ಆರು ಸಿಲಿಂಡರಿನ ಇಂಜಿನ್ನಿಗೆ ಇದನ್ನು ಹಾಕಿತ್ತು. ಹಳೆಯ ಕಾರಿಗೆ ಕೂಡಿಸುವ ಪಂಪುಗಳನ್ನು ಆಸ್ಟ್ರೇಲಿಯಾದ ಡೇವಿಸ್ ಕ್ರೇಗ್ ಕಂಪನಿ ಮಾಡುತ್ತದೆ. ನಿಮಿಷಕ್ಕೆ 80, 115, 150 ಲೀಟರ್ ಎಂದು ಅಳತೆಗಳಿವೆ.

ಎಷ್ಟು ದೊಡ್ಡ ಪಂಪ್ ಬೇಕು? ಇದು ಹೈಸ್ಕೂಲಿನ ಲೆಕ್ಕ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಕಿಲೋಜೂಲ್ ಬೇಕು. ನೀರು 90 ಡಿಗ್ರಿಯಲ್ಲಿ ರೇಡಿಯೇಟರಿಗೆ ಹೋಗಿ 82ರಲ್ಲಿ ಹೊರಬರುತ್ತದೆ, ಇಂಜಿನ್ 20 ಕಿಲೋವ್ಯಾಟ್ ಶಾಖವನ್ನು ನೀರಿಗೆ ಕೊಡುತ್ತಿದೆ ಎಂದುಕೊಳ್ಳಿ. ಎಂಟು ಡಿಗ್ರಿಗೆ ಒಂದು ಲೀಟರ್ 33.6 ಕಿಲೋಜೂಲ್ ಒಯ್ಯುತ್ತದೆ. 20ನ್ನು 33.6ರಿಂದ ಭಾಗಿಸಿದರೆ ಸೆಕೆಂಡಿಗೆ 0.6 ಲೀಟರ್, ನಿಮಿಷಕ್ಕೆ ಸುಮಾರು 36 ಲೀಟರ್. ಕೂಲಂಟ್ ಬೆರೆಸಿದರೆ ಸ್ವಲ್ಪ ಹೆಚ್ಚು ಬೇಕು. 80 ಲೀಟರಿನ ಪಂಪ್ ಸಾಕು. ಹಿಂದಿನ ಬೆಂಚಿನ ಗೆಳೆಯರೇ, ವಿಶಿಷ್ಟೋಷ್ಣದ ಪಾಠ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುತ್ತಿದ್ದಿರಲ್ಲ, ಇಲ್ಲಿ.

ಆದರೆ ಪಂಪ್ ತರುವ ಮೊದಲು ಕಾಕಾನ ರೇಡಿಯೇಟರ್ ಬಿಚ್ಚಿಸಿದೆ. ಬೋರಿನ ನೀರು ಸುರಿದು ಸುರಿದು ಒಳಗೆ ಸ್ನಾನದ ಹಂಡೆಯಲ್ಲಿ ಕಟ್ಟುವಂಥದೇ ಬಿಳಿ ಪದರ. ಥರ್ಮೋಸ್ಟ್ಯಾಟ್ ಇರಲೇ ಇಲ್ಲ, ಯಾರೋ ಕಿತ್ತು ಒಗೆದಿದ್ದರು. ನಮ್ಮ ಕಡೆ ಇದು ರೂಢಿ. ಗಾಡಿ ಕಾಯ್ದರೆ ಮೊದಲು ಥರ್ಮೋಸ್ಟ್ಯಾಟ್ ಕೀಳುತ್ತಾರೆ. ಕೆಟ್ಟು ಮುಚ್ಚಿಕೊಂಡಿದ್ದರೆ ಬದಲಿಸಬೇಕು, ನಿಜ. ಸರಿಯಿದ್ದದ್ದನ್ನು ಕಿತ್ತರೆ ಬೆಳಿಗ್ಗೆ ಇಂಜಿನ್ ಬಿಸಿಯಾಗಲು ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆಯೇ ಹೊರತು ಜಾತ್ರೆಯಲ್ಲಿ ಏನೂ ಉಪಕಾರವಿಲ್ಲ. ರೇಡಿಯೇಟರ್ ತೊಳೆಸಿ, ಶುದ್ಧ ನೀರಿಗೆ ಕೂಲಂಟ್ ಬೆರೆಸಿ ಹಾಕಿದ ಮೇಲೆಯೇ ಗಾಡಿ ಅರ್ಧ ಸುಧಾರಿಸಿತ್ತು. ದಿನದ ಬಾಡಿಗೆಯ ಗಾಡಿ ಇಟ್ಟವರಿಗೆ ನನ್ನ ಸಲಹೆ ಇಷ್ಟೇ: ಇಲ್ಲಿಗೇ ನಿಲ್ಲಿಸಿ. ಮೆರವಣಿಗೆಯ ಗಾಡಿಯಾದರೆ ಮಾತ್ರ ಮುಂದುವರಿಯಿರಿ.

ನಾವು ಮುಂದುವರಿದೆವು. ಹಳೆಯ ಪಂಪಿನ ಒಳಗಿನ ಇಂಪೆಲ್ಲರ್ ತೆಗೆದು, ಬೆಲ್ಟ್ ಸುತ್ತಲೆಂದು ಅದರ ಮೈ ಮತ್ತು ಪುಲ್ಲಿಯನ್ನು ಹಾಗೇ ಉಳಿಸಿದೆವು. ಫ್ಯಾನಿನ ಎಲೆಗಳೂ ಹೋದವು, ಬದಲಿಗೆ ಕರೆಂಟಿನ ಫ್ಯಾನು. ಪಂಪು, ಫ್ಯಾನು, ಹೆಡ್‌ಲೈಟು ಮೂರೂ ಕೂಡಿದರೆ 30 ಆಂಪಿಯರ್ ದಾಟುತ್ತದೆ. ಇಪ್ಪತ್ತರ ಆಸುಪಾಸಿನ ಹಳೆಯ ಡೈನಮೋ ಇದ್ದರೆ ಈ ಆಸೆ ಬೇಡ. ಪುಣ್ಯಕ್ಕೆ ಕಾಕಾನ ಗಾಡಿಗೆ ಆಲ್ಟರ್ನೇಟರ್ ಇತ್ತು. ನೀರು ತುಂಬಿಸುವಾಗ ಒಳಗೆ ಗಾಳಿ ಉಳಿಯಬಾರದು ಎಂದು ನಾನು ಹೇಳಹೊರಟೆ. ಕಾಕಾ ನಕ್ಕರು. ಫುಟ್‌ವಾಲ್ವ್ ಸೋರಿ ಗಾಳಿ ಹಿಡಿದ ಪಂಪಿಗೆ ನೀರು ಹಾಕಿ ಹಾಕಿ ಸಾಕಾದ ರೈತನಿಗೆ ಇದನ್ನು ಇಂಜಿನಿಯರ್ ಹೇಳಬೇಕಾಗಿಲ್ಲ.

ಈಗ ಕಂಪ್ಯೂಟರಿಗೆ ಬರುತ್ತೇನೆ. ಪಂಪು ಎಷ್ಟು ಜೋರಾಗಿ ತಿರುಗಬೇಕು ಎಂದು ನಿರ್ಧರಿಸಲು ಒಂದು ಚಿಕ್ಕ ಬೋರ್ಡಿಗೆ ಪ್ರೋಗ್ರಾಂ ಬರೆದೆ. ತಣ್ಣಗಿದ್ದರೆ ಆಗೊಮ್ಮೆ ಈಗೊಮ್ಮೆ ತಿರುಗು, ಕಾಯ್ದಂತೆ ವೇಗ ಹೆಚ್ಚಿಸು, ಕೀಲಿ ತೆಗೆದ ಮೇಲೂ ಎರಡು ನಿಮಿಷ ಓಡು. ಥರ್ಮೋಸ್ಟ್ಯಾಟಿನ ಕೆಲಸವನ್ನೂ ಇದೇ ಮಾಡುತ್ತದೆ. ಇಷ್ಟು ಬರೆಯುವುದು ಒಂದು ಸಂಜೆಯ ಕೆಲಸ. ಉಳಿದ ದಿನಗಳೆಲ್ಲ ಹೋದದ್ದು "ಕೆಟ್ಟರೆ ಏನು?" ಎಂಬುದಕ್ಕೆ.

ಶಾಖ ಅಳೆಯುವ ಥರ್ಮಿಸ್ಟರ್ ಬಿಸಿಯಾದಂತೆ ಅದರ ರೋಧ ಇಳಿಯುತ್ತದೆ, ತಣಿದಂತೆ ಏರುತ್ತದೆ. ಅದರ ತಂತಿ ಹರಿದರೆ ರೋಧ ಅನಂತ. ಅಂದರೆ ಬೋರ್ಡಿಗೆ ಕಾಣುವುದು ಹಿಮಾಲಯದ ಚಳಿ. "ತಣ್ಣಗಿದೆ, ವಿಶ್ರಾಂತಿ ತಗೋ" ಎಂದು ಪಂಪಿಗೆ ಹೇಳುತ್ತದೆ, ಇಂಜಿನ್ ಕುದಿಯುತ್ತಿರುತ್ತದೆ. ಆದ್ದರಿಂದ ಹಾನಗಲ್ಲಿನಲ್ಲಿ ಬರಲು ಸಾಧ್ಯವೇ ಇಲ್ಲದಷ್ಟು ಚಳಿ ಕಂಡರೆ ನಂಬಬೇಡ, ಪೂರ್ತಿ ವೇಗದಲ್ಲಿ ಓಡು ಎಂದು ಬರೆಯಬೇಕು. ಬೋರ್ಡೇ ಸತ್ತರೆ ರಿಲೇ ಹಿಂದಕ್ಕೆ ಬಿದ್ದು ಬ್ಯಾಟರಿಯ ಕರೆಂಟು ನೇರ ಪಂಪಿಗೆ ಹೋಗಬೇಕು.

ಇನ್ನೊಂದು ಸೂಕ್ಷ್ಮ. ಹಳೆಯ ವ್ಯವಸ್ಥೆಯಲ್ಲಿ ಬೆಲ್ಟ್ ಹರಿದರೆ ಬ್ಯಾಟರಿಯ ಕೆಂಪು ದೀಪ ಹತ್ತುತ್ತಿತ್ತು. ನೀರು ನಿಂತ ಸುದ್ದಿಯನ್ನು ಕರೆಂಟಿನ ದೀಪ ಹೇಳುತ್ತಿತ್ತು. ಅನುಭವವಿದ್ದ ಡ್ರೈವರುಗಳು ಆ ದೀಪ ಕಂಡೊಡನೆ ಗಾಡಿ ಬದಿಗೆ ಹಾಕುತ್ತಿದ್ದರು. ಕರೆಂಟಿನ ಪಂಪಿನ ಫ್ಯೂಸ್ ಹೋದರೆ ಯಾವ ದೀಪವೂ ಹತ್ತುವುದಿಲ್ಲ. ಹಾಗಾಗಿ ಪಂಪಿಗೆ ಹೋಗುವ ಕರೆಂಟನ್ನೇ ಅಳೆದು, ಅದು ನಿಂತರೆ ಹತ್ತುವ ಪ್ರತ್ಯೇಕ ದೀಪ ಕೂಡಿಸಿದೆವು. ಬಲ್ಬು ಸುಟ್ಟಿಲ್ಲ ಎಂದು ಗೊತ್ತಾಗಲು ಕೀಲಿ ತಿರುವಿದಾಗ ಒಂದು ಕ್ಷಣ ಅದು ಹತ್ತುತ್ತದೆ.

ಶಾಲೆಯ ಪ್ರಯೋಗಾಲಯಕ್ಕೆ ಇದರ ವೈರಿಂಗ್ ನಕ್ಷೆ ಮತ್ತು ಇನ್ನೊಂದು ಬೋರ್ಡ್ ಕೊಟ್ಟಿದ್ದೇನೆ. ಒಂಬತ್ತು ಹತ್ತನೆಯ ತರಗತಿಯ ಮಕ್ಕಳು ಥರ್ಮಿಸ್ಟರಿನ ತಂತಿ ಕಿತ್ತು, ಫ್ಯೂಸ್ ತೆಗೆದು, ಬೇಕಾದ ಹಾಗೆ ಕೆಡಿಸಿ ನೋಡಲಿ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಗ್ಯಾರೇಜು ಇಟ್ಟವರೂ ಬಂದು ನೋಡಬಹುದು. ನೆಕ್ಸಾನ್ ಇವಿಯಂಥ ಗಾಡಿಗಳಲ್ಲಿ ಬ್ಯಾಟರಿಯನ್ನು ತಂಪಿಡುವುದೂ ಸುತ್ತುವ ದ್ರವವೇ, ಅಲ್ಲಿ ಪಂಪ್ ತಿರುಗಿಸಲು ಇಂಜಿನ್ನೇ ಇಲ್ಲ. ಅಂಥ ಗಾಡಿ ನಿಮ್ಮ ಬಾಗಿಲಿಗೂ ಬರುತ್ತದೆ.

ಕಾಕಾನದು ಇನ್ನೊಂದು ಬೇಡಿಕೆ ಬಾಕಿ ಇದೆ. ಮೆರವಣಿಗೆಯಲ್ಲಿ ಬಿಸಿಲು ಗಾಜಿಗೆ ಹೊಡೆದರೆ ದೀಪ ಕಾಣುವುದಿಲ್ಲವಂತೆ, ಬಜರ್ ಬೇಕಂತೆ. ಅದೂ ಬ್ಯಾಂಡಿನ ಸದ್ದಿಗಿಂತ ಜೋರಾಗಿ ಕೂಗುವಂಥದು.