ಇನ್ನೊಬ್ಬರ ಫೋನು ನಮ್ಮ ಕೈಗೆ ಬಂದಾಗ

(ಕಾರ್ಮಿಕ ಸಂಘದ ಕಚೇರಿಯಲ್ಲಿ ನಡೆದ ಸೇವಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಒಂದು ಕಾಲದಲ್ಲಿ ನಮ್ಮ ಸಂಘದ ಕಚೇರಿಗೆ ಜನ ಕಾಗದ ಹಿಡಿದು ಬರುತ್ತಿದ್ದರು. ಧಣಿ ಕೊಟ್ಟ ನೋಟೀಸು, ಪಿ.ಎಫ್. ಚೀಟಿ, ಸಾಹುಕಾರ ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರ ಇವನ್ನು ಓದಿ ಹೇಳಿರೆಂದು ಕೇಳುತ್ತಿದ್ದರು. ಓದು ಬಲ್ಲವರು ಓದಿ ಹೇಳುತ್ತಿದ್ದರು, ಅರ್ಜಿ ಬರೆದುಕೊಡುತ್ತಿದ್ದರು. ಈಗ ಜನ ಫೋನು ಹಿಡಿದು ಬರುತ್ತಾರೆ. "ಅಣ್ಣಾರ, ಇದ್ರಾಗ ಏನೋ ಬಂದೈತಿ, ಒಂಚೂರು ನೋಡ್ರಿ" ಎಂದು ಫೋನನ್ನೇ ನಮ್ಮ ಕೈಗೆ ಕೊಟ್ಟುಬಿಡುತ್ತಾರೆ. ಅಂದು ಕಾಗದ ಕೊಟ್ಟವನು ಒಂದು ಕಾಗದವನ್ನು ಮಾತ್ರ ಕೊಟ್ಟಿದ್ದ. ಇಂದು ಫೋನು ಕೊಟ್ಟವಳು ತನ್ನ ಬ್ಯಾಂಕಿನ ಲೆಕ್ಕ, ಆಧಾರ್ ಸಂಖ್ಯೆ, ಮಕ್ಕಳ ಚಿತ್ರ, ನಂಟರಿಷ್ಟರ ನಂಬರು ಎಲ್ಲವನ್ನೂ ಒಟ್ಟಿಗೆ ಒಪ್ಪಿಸಿದಂತಾಯಿತು. ಈ ನಂಬಿಕೆಗೆ ನಾವು ಹೇಗೆ ಅರ್ಹರಾಗಬೇಕು ಎಂಬುದೇ ಇಂದಿನ ವಿಷಯ.

ಬೇರೆಯವರಿಗೆ ಬುದ್ಧಿ ಹೇಳುವ ಮುನ್ನ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ. ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಆರಂಭವಾಯಿತಷ್ಟೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ತಾಯಿ, ತನಗೆ ತಿಂಗಳ 2,000 ರೂಪಾಯಿ ಬರುತ್ತಿಲ್ಲವೆಂದು ನಮ್ಮ ಬಳಿ ಬಂದರು. ನಮ್ಮ ಕಾರ್ಯಕರ್ತರೊಬ್ಬರು ಅವರ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಮೂರರ ಫೋಟೋ ತೆಗೆದು, ಬಲ್ಲವರು ನೋಡಲಿ ಎಂದು ನಮ್ಮ ವಾಟ್ಸಾಪ್ ಬಳಗಕ್ಕೆ ಹಾಕಿದರು. ಆ ಬಳಗದಲ್ಲಿ ಇನ್ನೂರು ಜನರಿದ್ದರು. ಅವರೆಲ್ಲ ಯಾರು ಯಾರೆಂದು ನಮಗೇ ತಿಳಿದಿರಲಿಲ್ಲ. ಎರಡು ವಾರದ ಮೇಲೆ ಆ ತಾಯಿಗೆ ಒಂದು ಕರೆ ಬಂತು. ಕರೆದವನು ಅವರ ಗಂಡನ ಹೆಸರು ಹೇಳಿದ, ಬ್ಯಾಂಕಿನ ಹೆಸರು ಹೇಳಿದ, "ನಿಮ್ಮ ಹಣ ತಡೆದು ನಿಂತಿದೆ, ಈಗ ಬಂದ ಆರು ಅಂಕಿ ಹೇಳಿ" ಎಂದ. ಇಷ್ಟೆಲ್ಲ ಬಲ್ಲವನು ಕಚೇರಿಯವನೇ ಇರಬೇಕೆಂದು ಅವರು ಹೇಳಿಬಿಟ್ಟರು. ಮಳೆಗಾಲಕ್ಕೆ ಮುಂಚೆ ಮನೆಗೆ ತಗಡು ಹಾಕಿಸಲು ಕೂಡಿಟ್ಟ 14,000 ರೂಪಾಯಿ ಹೋಯಿತು.

ನಮ್ಮ ಬಳಗದಿಂದಲೇ ಆ ವಿವರ ಕಳ್ಳನಿಗೆ ಸಿಕ್ಕಿತೆಂದು ಹೇಳಲು ಸಾಕ್ಷ್ಯವಿಲ್ಲ. ಸಿಕ್ಕಿಲ್ಲವೆಂದು ಆಣೆ ಮಾಡುವ ಧೈರ್ಯವೂ ನಮಗಿಲ್ಲ. ಅವರು ನಮ್ಮನ್ನು ಬಯ್ಯಲಿಲ್ಲ. ಕಚೇರಿಗೆ ಬರುವುದನ್ನು ನಿಲ್ಲಿಸಿದರು, ಅಷ್ಟೆ. ಬಯ್ದಿದ್ದರೇ ಚೆನ್ನಾಗಿತ್ತು ಎಂದು ನಮಗೆ ಇಂದಿಗೂ ಅನ್ನಿಸುತ್ತದೆ.

ಬಂಧುಗಳೇ, ಇದು ಒಬ್ಬ ತಾಯಿಯ ಕತೆಯಲ್ಲ. ಸೈಬರ್ ವಂಚನೆಯಿಂದ ದೇಶದ ಜನ 2023ರಲ್ಲಿ ಸುಮಾರು 7,465 ಕೋಟಿ ರೂಪಾಯಿ, 2024ರಲ್ಲಿ ಸುಮಾರು 22,845 ಕೋಟಿ ರೂಪಾಯಿ ಕಳೆದುಕೊಂಡರೆಂದು ಕೇಂದ್ರ ಸರ್ಕಾರವೇ ಲೋಕಸಭೆಗೆ ತಿಳಿಸಿದೆ. ಒಂದೇ ವರ್ಷದಲ್ಲಿ ಮೂರು ಪಟ್ಟು!

ಇದಕ್ಕೆ ಕಾರಣವೇನು? ಜನರ ದಡ್ಡತನ ಎನ್ನುವವರುಂಟು. ಆ ಮಾತನ್ನು ನಾವು ಒಪ್ಪುವುದಿಲ್ಲ. "ಡಿಜಿಟಲ್ ಅರೆಸ್ಟ್" ಎಂಬ ಬೆದರಿಕೆಗೆ ಡಾಕ್ಟರು, ಇಂಜಿನಿಯರು, ನಿವೃತ್ತ ಅಧಿಕಾರಿಗಳೂ ಬಲಿಯಾಗಿದ್ದಾರೆ. ಪೊಲೀಸ್ ವೇಷದವನೊಬ್ಬ ಫೋನಿನ ಪರದೆಯಲ್ಲಿ ಕಾಣಿಸಿಕೊಂಡು, ನಿನ್ನನ್ನು ಬಂಧಿಸಿದ್ದೇವೆ, ಕದಲಬೇಡ, ಯಾರಿಗೂ ಹೇಳಬೇಡ ಎನ್ನುತ್ತಾನೆ. ಅಂತಹ ಬಂಧನ ಭಾರತದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಇದನ್ನು ಹೇಳಬೇಕಾಯಿತು. ಆದರೂ ಜನ ನಂಬುವುದೇಕೆ? ನಿಜವಾದ ಕಚೇರಿಯೇ ಬಡವನನ್ನು ಗದರಿಸಿ ಮಾತನಾಡಿಸುವಾಗ, ಗದರಿಸುವ ಕಳ್ಳನನ್ನು ಅವನು ಕಚೇರಿಯವನೆಂದೇ ತಿಳಿಯುತ್ತಾನೆ. ಬ್ಯಾಂಕಿನ ಸಂದೇಶ ತನಗೆ ತಿಳಿಯದ ಇಂಗ್ಲಿಷಿನಲ್ಲಿ ಬಂದಾಗ, ಕನ್ನಡದಲ್ಲಿ ಮಾತನಾಡುವ ಕಳ್ಳ ಅವನಿಗೆ ಉಪಕಾರಿಯಂತೆ ಕಾಣುತ್ತಾನೆ. ಆದುದರಿಂದ ಮೋಸ ಹೋದವರನ್ನು "ಅಷ್ಟೂ ಗೊತ್ತಾಗಲಿಲ್ಲವೇ?" ಎಂದು ನಾವು ಕೇಳಕೂಡದು. ಹಾಗೆ ಕೇಳಿದರೆ ಮುಂದಿನ ಸಲ ಅವರು ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಆ ತಾಯಿಯೂ ನಾಚಿಕೆಯಿಂದ ಮೂರು ದಿನ ಸುಮ್ಮನಿದ್ದರು.

ಆ ಮೂರು ದಿನಗಳೇ ಮುಳುವಾದವು. ಹಣ ಹೋದೊಡನೆ 1930 ಸಂಖ್ಯೆಗೆ ಕರೆ ಮಾಡಬೇಕು. ಈ ವ್ಯವಸ್ಥೆ 2021ರಲ್ಲಿ ಆರಂಭವಾದದ್ದು. ದೂರು ಬಂದ ಕೂಡಲೇ ಹಣ ಯಾವ ಬ್ಯಾಂಕಿಗೆ ಹೋಗಿದೆಯೋ ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಇನ್ನೂ ಅಲ್ಲಿದ್ದರೆ ತಡೆಹಿಡಿಯುತ್ತಾರೆ. ಕಳ್ಳನಾದರೋ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸಿ ಎಲ್ಲೋ ಒಂದು ಕಡೆ ನಗದು ಮಾಡಿಕೊಳ್ಳುತ್ತಾನೆ. ಈ ಓಟದಲ್ಲಿ ಮೊದಲ ಗಂಟೆಯೇ ಮುಖ್ಯ. ಕರೆ ಮಾಡುವಾಗ ಹಣ ಕಡಿತವಾದ ಸಂದೇಶ, ವ್ಯವಹಾರದ ಸಂಖ್ಯೆ, ಕಳ್ಳನ ನಂಬರು ಕೈಯಲ್ಲಿರಲಿ. ಯಾವುದನ್ನೂ ಅಳಿಸಬೇಡಿ. ಜೊತೆಗೇ ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹಾಕಿಕೊಟ್ಟ ತತ್ತ್ವವನ್ನು ಪ್ರತಿಯೊಬ್ಬ ಕಾರ್ಯಕರ್ತ ಅರಿತಿರಬೇಕು: ಗಿರಾಕಿಯೇ ಗುಟ್ಟಿನ ಸಂಖ್ಯೆ ಹೇಳಿಬಿಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದೇ ಹೊರತು ಗಿರಾಕಿಯದಲ್ಲ. ಹೋದ ಹಣ ತಂದುಕೊಡುತ್ತೇವೆ, ಮುಂಗಡ ಕೊಡಿ ಎಂದು ಬರುವವನು ಎರಡನೆಯ ಕಳ್ಳನೆಂದು ತಿಳಿಯಿರಿ.

ಇನ್ನು ಮೋಸದ ದಾರಿಗಳು. ಅಂಗಡಿಯ ಮಿತ್ರರು ಮೊದಲು ಇದನ್ನು ಗಮನಿಸಬೇಕು: ಯು.ಪಿ.ಐ.ಯಲ್ಲಿ ಹಣ ಪಡೆಯುವುದಕ್ಕೆ ಪಿನ್ ಬೇಡ. ಪಿನ್ ಒತ್ತಿದರೆಂದರೆ ಹಣ ಹೋಯಿತೆಂದೇ ಅರ್ಥ. ಹಣ ಹಾಕಿದ್ದೇನೆಂದು ಗಿರಾಕಿ ತೋರಿಸುವ ಚಿತ್ರವನ್ನು ನಂಬಬೇಡಿ, ನಿಮ್ಮ ಖಾತೆಯನ್ನು ನೋಡಿ. ಮದುವೆ ಕರೆಯೋಲೆ, ಗಾಡಿಯ ದಂಡದ ಚೀಟಿ ಎಂದು ವಾಟ್ಸಾಪಿನಲ್ಲಿ ಬರುವ ಎ.ಪಿ.ಕೆ. ಕಡತವನ್ನು ತೆರೆಯಬೇಡಿ. ಅದು ನಿಮ್ಮ ಫೋನಿನೊಳಗೆ ಕುಳಿತು ನಿಮಗೆ ಬರುವ ಸಂದೇಶಗಳನ್ನು ಕಳ್ಳನಿಗೆ ಓದಿ ಹೇಳುತ್ತದೆ.

ಹಿಂದೆ ಸಾಹುಕಾರ ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ನುಂಗಿದ. ಇಂದು ಆಧಾರಿನ ಹೆಬ್ಬೆಟ್ಟಿನಿಂದಲೇ ಬ್ಯಾಂಕಿನ ಹಣ ತೆಗೆಯಬಹುದು. ಬೆರಳಿನ ನಕಲು ಮಾಡಿ ಹಣ ಎಗರಿಸಿದ ಪ್ರಕರಣಗಳು ನಡೆದಿವೆ. ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಆಧಾರ್ ಪ್ರಾಧಿಕಾರದಲ್ಲಿದೆ. ಬೇಕಾದಾಗ ತೆಗೆದು, ಕೆಲಸವಾದ ಮೇಲೆ ಮತ್ತೆ ಹಾಕಬಹುದು.

ಸಂಬಳಕ್ಕೆ ಮುಂಚೆ ಕೈ ಬರಿದಾದ ತರುಣರನ್ನು ಸಾಲದ ಆ್ಯಪುಗಳು ಹಿಡಿಯುತ್ತವೆ. ಸಾಲಗಾರನ ಫೋನಿನಲ್ಲಿರುವ ನಂಟರ ನಂಬರುಗಳನ್ನೂ ಚಿತ್ರಗಳನ್ನೂ ಆ್ಯಪು ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿದೆ. ಮುಟ್ಟಲು ಅನುಮತಿ ಕೇಳುವ ಆ್ಯಪಿನಿಂದ ದೂರವಿರಿ. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. "ನಿನ್ನ ಖಾತೆ ಬಾಡಿಗೆಗೆ ಕೊಡು, ತಿಂಗಳಿಗಿಷ್ಟು ಕೊಡುತ್ತೇವೆ" ಎಂದು ಕೆಲಸವಿಲ್ಲದ ಹುಡುಗರನ್ನು ಒಲಿಸುವವರಿದ್ದಾರೆ. ಕದ್ದ ಹಣ ಹಾದುಹೋಗುವುದು ಇಂತಹ ಖಾತೆಗಳಿಂದಲೇ. ಪೊಲೀಸರು ಮೊದಲು ಬಂದು ನಿಲ್ಲುವುದು ಈ ಹುಡುಗನ ಮನೆಬಾಗಿಲಲ್ಲಿ. ದೊಡ್ಡ ಕಳ್ಳ ಎಲ್ಲೋ ಇರುತ್ತಾನೆ, ಜೈಲು ನಮ್ಮ ಕೇರಿಯ ಹುಡುಗನಿಗೆ.

ಸಂಗಾತಿಗಳೇ, ಈಗ ನಮ್ಮ ಮೇಜಿನ ಈಚೆಗೆ ಕುಳಿತವರ ಕರ್ತವ್ಯಕ್ಕೆ ಬರುತ್ತೇವೆ. ನಮ್ಮ ತಪ್ಪಿನಿಂದ ಕಲಿತು ನಾವು ಆರು ಕಟ್ಟಳೆ ಮಾಡಿಕೊಂಡಿದ್ದೇವೆ.

ಒಂದು, ಫೋನು ಅದರ ಒಡೆಯರ ಕೈಯಲ್ಲೇ ಇರಲಿ. ನಾವು ತೋರಿಸಬೇಕು, ಅವರು ಒತ್ತಬೇಕು. ತಡವಾಗುತ್ತದೆ, ಆಗಲಿ. ಒಂದು ಸಲ ತಾವೇ ಒತ್ತಿದವರು ಮುಂದಿನ ಸಲ ಇನ್ನೊಬ್ಬರನ್ನು ಕಾಯುವುದಿಲ್ಲ.

ಎರಡು, ಗುಟ್ಟಿನ ಸಂಖ್ಯೆಯನ್ನು ನಾವು ಕೇಳಕೂಡದು, ಗಟ್ಟಿಯಾಗಿ ಓದಿಸಕೂಡದು, ಪಾಸ್‌ಬುಕ್ಕಿನ ಹಿಂದೆ ಬರೆದುಕೊಡಕೂಡದು.

ಮೂರು, ಯಾರ ದಾಖಲೆಯೂ ಬಳಗಕ್ಕೆ ಹೋಗಕೂಡದು. ಫೋಟೋ ಅನಿವಾರ್ಯವಾದರೆ ಅವರ ಫೋನಿನಲ್ಲೇ ತೆಗೆಯುವುದು. ಆಧಾರಿನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಿಗುತ್ತದೆ. ಅದು ಸಾಕಾದ ಕಡೆ ಅದನ್ನೇ ಕೊಡುವುದು.

ನಾಲ್ಕು, ಸಹಾಯ ಪಡೆದವರ ಚಿತ್ರವನ್ನು ಪ್ರಚಾರಕ್ಕೆ ಬಳಸಕೂಡದು. ಪುಸ್ತಕ ಪಡೆದ ಮಗುವಿಗೂ ಮಾನವಿದೆ. ದೌರ್ಜನ್ಯಕ್ಕೆ ಒಳಗಾದ ಅಥವಾ ರಕ್ಷಣೆಯಲ್ಲಿರುವ ಮಗುವಿನ ಗುರುತು ಬಯಲು ಮಾಡಿದರೆ 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಇವೆ. ಒಳ್ಳೆಯ ಉದ್ದೇಶದಿಂದ ಹಂಚಿದೆವು ಎಂಬುದು ಆ ಮಗುವಿಗೆ ಯಾವ ಸಮಾಧಾನವೂ ಅಲ್ಲ.

ಐದು, ಮನೆಯಲ್ಲಿ ಹಿಂಸೆ ಅನುಭವಿಸುವ ಹೆಣ್ಣುಮಗಳಿಗೆ ನಾವಾಗಿ ಸಂದೇಶ ಕಳಿಸಕೂಡದು. ಆ ಫೋನನ್ನು ಗಂಡ ನೋಡುತ್ತಿರಬಹುದು. ನಾವು ಕಳಿಸಿದ ಎರಡು ಸಾಲಿಗೆ ಅವಳು ಏಟು ತಿಂದಾಳು. ಯಾವಾಗ, ಯಾವ ನಂಬರಿಗೆ ಕರೆಯಲಿ ಎಂದು ಮೊದಲೇ ಅವಳನ್ನೇ ಕೇಳುವುದು. ಮಹಿಳೆಯರ ಸಹಾಯವಾಣಿ 181, ಮಕ್ಕಳದು 1098 ಎಂಬುದನ್ನು ಬಾಯಿಪಾಠ ಮಾಡಿಸುವುದು.

ಆರು, ತಪ್ಪು ನಮ್ಮಿಂದಾದರೆ ಮುಚ್ಚಿಡಕೂಡದು. ಅದೇ ದಿನ ಸಂಬಂಧಪಟ್ಟವರಿಗೆ ತಿಳಿಸಿ, ಜೊತೆಗೆ ನಿಂತು ದೂರು ಕೊಡಿಸುವುದು.

ಕೊನೆಯದಾಗಿ ಒಂದು ಮಾತು. ಎಚ್ಚರದ ಹೊರೆಯನ್ನೆಲ್ಲ ಬಡವನ ತಲೆಗೆ ಕಟ್ಟಿ ಸರ್ಕಾರವೂ ಬ್ಯಾಂಕುಗಳೂ ಕೈ ತೊಳೆದುಕೊಳ್ಳುವುದನ್ನು ನಾವು ಒಪ್ಪಲಾಗದು. ಜನರ ಖಾಸಗಿ ವಿವರಗಳ ರಕ್ಷಣೆಗೆ ಸಂಸತ್ತು 2023ರಲ್ಲಿ ಕಾಯ್ದೆ ಮಾಡಿತು. ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರಿನಲ್ಲಿ. ಕಳ್ಳನ ವೇಗಕ್ಕೂ ಕಾನೂನಿನ ವೇಗಕ್ಕೂ ಇರುವ ಅಂತರವನ್ನು ನೀವೇ ಅಳೆಯಿರಿ. ನಮ್ಮ ಬೇಡಿಕೆ ಸರಳ: ಬ್ಯಾಂಕಿನ ಸಂದೇಶ ಕನ್ನಡದಲ್ಲಿ ಬರಲಿ. ಪ್ರತಿ ಶಾಖೆಯಲ್ಲಿ ಮೋಸ ಹೋದವರ ಮಾತು ಕೇಳಲು ಒಬ್ಬ ಮನುಷ್ಯ ಕುಳಿತಿರಲಿ. ಯಾರೋ ಕಳ್ಳ ಐನೂರು ರೂಪಾಯಿಯ ಸಾಮಾನು ಕೊಂಡನೆಂದು ಸಣ್ಣ ವ್ಯಾಪಾರಿಯ ಇಡೀ ಖಾತೆಯನ್ನು ತಡೆಹಿಡಿಯದೆ, ಸಂಶಯದ ಮೊತ್ತವನ್ನು ಮಾತ್ರ ತಡೆಯಲಿ.

ಆ ಆರು ಕಟ್ಟಳೆಗಳನ್ನು ಬರೆದು ಕಚೇರಿಯ ಗೋಡೆಗೆ ಹಾಕಿದ್ದೇವೆ. ಬರುವ ವಾರ ನಮ್ಮಲ್ಲಿ ಇಬ್ಬರು ಆ ತಾಯಿಯ ಮನೆಗೆ ಹೋಗಿ, ನಮ್ಮ ತಪ್ಪನ್ನು ಅವರ ಮುಂದೆಯೇ ಒಪ್ಪಿಕೊಳ್ಳುವುದೆಂದು ನಿಶ್ಚಯಿಸಿದ್ದೇವೆ. ಅವರು ಬಯ್ಯಲಿ, ಕೇಳಿಸಿಕೊಂಡು ಬರುತ್ತೇವೆ.